ಮೂಗರ್ಜಿಗೆ ಪಿಸ್ತೂಲಿನ ಉತ್ತರ

ಫೋನಿನಲ್ಲಿ ಹೆಸರು ಹಾಕದೆ ಬೈದು ಓಡುವವರನ್ನು ಕಂಡಾಗಲೆಲ್ಲ ನನಗೆ ಬರ್ಲಿನ್ ಅರಮನೆ ನೆನಪಾಗುತ್ತೆ. ಕಥೆ ಹೇಳ್ತೀನಿ ಕೇಳಿ. 1891ರ ಜನವರಿ, ಬರ್ಲಿನ್ ಪಕ್ಕದ ಗ್ರೂನೆವಾಲ್ಡ್ ಬೇಟೆಮನೆಯಲ್ಲಿ ದೊಡ್ಡವರ ಪಾರ್ಟಿ. ಜರ್ಮನಿಯ ಚಕ್ರವರ್ತಿ ಎರಡನೇ ವಿಲ್ಹೆಲ್ಮನ ತಂಗಿ ಷಾರ್ಲೊಟ್ಟೆಯೂ ಇದ್ದಳು. ಆಮೇಲೆ ಅರಮನೆಯವರಿಗೆ ಶುರುವಾಯಿತು ನೋಡಿ, ಮೂಗರ್ಜಿಗಳ ಮಳೆ. ಯಾರು ಯಾರ ಜೊತೆ ಮಲಗಿದರು ಅನ್ನುವ ವರದಿ, ಮೇಲೆ ಅಂಟಿಸಿದ ಪೋಲಿ ಚಿತ್ರ. ವರ್ಷಗಟ್ಟಲೆ ಬಂದವು.

ಅರಮನೆಯ ಸಮಾರಂಭಾಧಿಕಾರಿ ಕಾರ್ಲ್ ಫಾನ್ ಶ್ರಾಡರ್ ಬೊಟ್ಟು ಮಾಡಿದ್ದು ತನ್ನ ಜೊತೆಗಾರ, ಅದೇ ಹುದ್ದೆಯ ಲೆಬರೆಕ್ಟ್ ಫಾನ್ ಕೋಟ್ಸೆ ಕಡೆಗೆ. ಸಮಾರಂಭಾಧಿಕಾರಿ ಅಂದರೆ ಯಾರು ಯಾರ ಹಿಂದೆ ನಡೆಯಬೇಕು, ಯಾರು ಎಲ್ಲಿ ನಿಲ್ಲಬೇಕು ಅಂತ ನೋಡಿಕೊಳ್ಳುವವನು. ಮದುವೆ ಮನೆಯಲ್ಲಾದರೆ ಯಾರೋ ಒಬ್ಬ ದೊಡ್ಡಪ್ಪ ಈ ಕೆಲಸವನ್ನು ಸಂಬಳವಿಲ್ಲದೆ ಮಾಡುತ್ತಾರೆ. ಎಡವಟ್ಟಾದರೆ ಬೀಗರ ಹತ್ತಿರ ಬೈಸಿಕೊಳ್ಳುತ್ತಾರೆ. ಗುಂಡು ತಿನ್ನುವುದಿಲ್ಲ.

ಸಾಕ್ಷಿ ಏನು? ಶಾಯಿ ಹೀರುವ ಬ್ಲಾಟಿಂಗ್ ಪೇಪರ್ ಮೇಲೆ ಉಳಿದ ಅಕ್ಷರದ ಗುರುತು! ಅಷ್ಟೇ ಸಾಕಾಯಿತು. 1894ರ ಜೂನ್‌ನಲ್ಲಿ ಚಕ್ರವರ್ತಿಯ ಅಪ್ಪಣೆ, ಕೋಟ್ಸೆ ಒಳಗೆ. ಎಂಥ ಪತ್ತೇದಾರಿ ಅಂದರೆ, ಅವನು ಒಳಗೆ ಕೂತಿದ್ದಾಗಲೂ ಪತ್ರಗಳು ಬರುತ್ತಲೇ ಇದ್ದವು. 1895ರಲ್ಲಿ ಸೇನಾ ನ್ಯಾಯಾಲಯ ಅವನನ್ನು ಬಿಟ್ಟಿತು.

ಮುಗಿಯಿತು ಅಂದುಕೊಂಡಿರಾ? ಕೋರ್ಟು ನಿರ್ದೋಷಿ ಅಂದರೆ ಮರ್ಯಾದೆ ವಾಪಸ್ ಬರಲ್ಲ. ಅದಕ್ಕೆ ಪಿಸ್ತೂಲು ಬೇಕು. ಈಸ್ಟರ್ ಹೊತ್ತಿಗೆ ಬೇರೊಬ್ಬನ ಜೊತೆಗಿನ ದ್ವಂದ್ವದಲ್ಲಿ, ಅಂದರೆ ಮಾನಕ್ಕಾಗಿ ಇಬ್ಬರು ಪಿಸ್ತೂಲು ಹಿಡಿದು ಎದುರಾಗುವ ಕಾಳಗದಲ್ಲಿ, ಕೋಟ್ಸೆಯ ತೊಡೆಗೆ ಗುಂಡು ಬಿತ್ತು. ಒಳಗೆ ಹಾಕಿಸಿದ್ದ ಚಕ್ರವರ್ತಿಯೇ ಹೂವಿನ ಈಸ್ಟರ್ ಮೊಟ್ಟೆ ಕಳಿಸಿದ. ಎಷ್ಟು ಒಳ್ಳೆ ಮನಸ್ಸು ಅಲ್ವಾ! ಮರುವರ್ಷ ಏಪ್ರಿಲ್‌ನಲ್ಲಿ ಪಾಟ್ಸ್‌ಡ್ಯಾಮ್ ಹತ್ತಿರ ಕೋಟ್ಸೆ, ಶ್ರಾಡರ್ ಎದುರುಬದುರು. ಶ್ರಾಡರ್ ಹೊಟ್ಟೆಗೆ ಗುಂಡು. ಮಾರನೇ ದಿನ ಸತ್ತ.

ಇಲ್ಲಿಗೆ ಬಂದರೆ ನನಗೆ ನಗು ಬರುವುದಿಲ್ಲ. ದ್ವಂದ್ವ ಅಪರಾಧ ಅಂತ ಆ ದೇಶದ ಕಾನೂನೇ ಹೇಳುತ್ತಿತ್ತು. ಆದರೆ ದ್ವಂದ್ವಕ್ಕೆ ಒಲ್ಲೆ ಅಂದರೆ ಸೇನಾಧಿಕಾರಿಯ ಕೆಲಸಕ್ಕೇ ಕುತ್ತು. ಜಗಳದಲ್ಲಿ ಚಾಕು ಹಾಕಿದ ಕೂಲಿಯವನಿಗೆ ಜೈಲು. ದ್ವಂದ್ವದಲ್ಲಿ ಕೊಂದವನಿಗೆ ಕೋಟೆವಾಸ, ಅಂದರೆ ಜೈಲಿನ ಬದಲು ಕೋಟೆಯೊಳಗೆ ಹಗುರವಾದ ಬಂಧನ, ಅದು ಮಾನಸ್ಥರ ಶಿಕ್ಷೆಯಂತೆ. ಕೋಟ್ಸೆಗೆ ಎರಡು ವರ್ಷ ಕೊಟ್ಟರು. ಅದನ್ನೂ ಪೂರ್ತಿ ಕಳೆಯಲಿಲ್ಲ, ಚಕ್ರವರ್ತಿ ಕ್ಷಮಿಸಿಬಿಟ್ಟ. ಥೂ.

ಮೂಗರ್ಜಿ ಬರೆದವರು ಯಾರು ಅಂತ ಸಾಬೀತಾಗಲೇ ಇಲ್ಲ. ಮಹಾರಾಣಿಯ ತಮ್ಮನ ಹೆಸರೂ ಬಾಯಿಂದ ಬಾಯಿಗೆ ಓಡಾಡಿತು. ಅಲ್ಲಿಗೆ ಹೋಗಿ ಬ್ಲಾಟಿಂಗ್ ಪೇಪರ್ ಕೇಳುವ ಧೈರ್ಯ ಯಾರಿಗೆ ಬರುತ್ತೆ ಹೇಳಿ?