ಲೈನ್ ಇದ್ದಾ?

ಮಳೆಗಾಲದಲ್ಲಿ ಶಿರಸಿ ಕಡೆಯ ಹಳ್ಳಿಗೆ ಫೋನ್ ಮಾಡಿದರೆ, ಊಟ ಆಯ್ತಾ ಅಂತ ಕೇಳುವುದಕ್ಕಿಂತ ಮೊದಲು ಬರುವ ಪ್ರಶ್ನೆ, 'ನಿಂಗಳ ಬದಿಗೆ ಲೈನ್ ಇದ್ದಾ?' 'ಇಲ್ಲೆ' ಅಂತ ಉತ್ತರ ಬಂದರೆ ಕೇಳಿದವರಿಗೆ ಒಳಗೊಳಗೇ ಸಮಾಧಾನ. ತಮ್ಮ ಮನೆಯ ಫ್ಯೂಸ್ ಒಂದೇ ಹೋದದ್ದಲ್ಲ, ಊರಿಗೆ ಊರೇ ಕತ್ತಲೆ ಅಂತ ಖಾತ್ರಿಯಾಯಿತಲ್ಲ!

ಇಲ್ಲಿ ಲೈನ್ ಅಂದರೆ ತಂತಿಯೂ ಹೌದು, ಅದರೊಳಗಿನ ಕರೆಂಟೂ ಹೌದು. 'ಲೈನ್ ಮೇಲೆ ಮರ ಬಿದ್ದು ಲೈನ್ ಹೋಯ್ತು' ಅನ್ನುತ್ತೇವೆ. ಯಾರಿಗೂ ಗೊಂದಲ ಆಗುವುದಿಲ್ಲ. ಹಾಗೆ ನೋಡಿದರೆ ಕರೆಂಟ್ ಹುಟ್ಟುವ ಜಿಲ್ಲೆಯೇ ನಮ್ಮದು. ಕೈಗಾದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಅಣು ಘಟಕ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಂತ ಅಣೆಕಟ್ಟಿನ ಮೇಲೆ ಅಣೆಕಟ್ಟು. ದೊಡ್ಡ ಲೈನ್ ಕಾಡು ಸೀಳಿಕೊಂಡು ತಲೆ ಮೇಲೇ ಹೋಗುತ್ತದೆ. ಕೆಳಗಿನ ಮನೆಯವರು ಚಿಮಣಿ ಹಚ್ಚಿಕೊಂಡು ಲೈನ್‌ಮನ್ ದಾರಿ ಕಾಯುತ್ತಾರೆ. ಅವನಾದರೂ ಪಾಪ, ಉಂಬಳ ಕಚ್ಚಿಸಿಕೊಂಡು ಗುಡ್ಡ ಹತ್ತಬೇಕು.

ಈ ಲೈನಿನ ಮೂಲ ಲ್ಯಾಟಿನ್. ಅಗಸೆ ನಾರಿನ ದಾರಕ್ಕೆ ಅಲ್ಲಿ 'ಲಿನಿಯಾ' ಅನ್ನುತ್ತಿದ್ದರು. ಲಿನನ್ ಬಟ್ಟೆಯೂ ಅದೇ ಕುಲದ್ದು. ದಾರ ಗೆರೆಯಾಯಿತು, ಗೆರೆ ಸಾಲಾಯಿತು, ಆಮೇಲೆ ಅದಕ್ಕೆ ಹೇಳುವವರೂ ಇಲ್ಲ, ಕೇಳುವವರೂ ಇಲ್ಲ.

ಘಟ್ಟ ಇಳಿದರೆ ಲೈನ್ ಅಂದರೆ ರೈಲು. ಕೊಂಕಣ ರೈಲು 1998ರಲ್ಲಿ ಪೂರ್ತಿ ಓಡತೊಡಗಿತು. ಕಾರವಾರ, ಕುಮಟಾ, ಭಟ್ಕಳದವರಿಗೆ ಲೈನ್ ಸಿಕ್ಕಿತು. ಹುಬ್ಬಳ್ಳಿ-ಅಂಕೋಲಾ ಲೈನಿನ ಮಾತು ಮಾತ್ರ 1990ರ ದಶಕದಿಂದ ಕೇಳುತ್ತಲೇ ಇದ್ದೇವೆ. ಕಾಡು ಉಳಿಯಬೇಕೋ ರೈಲು ಬರಬೇಕೋ ಅಂತ ಚಹಾದಂಗಡಿಯಲ್ಲಿ ಈಗಲೂ ಜಗಳ ಆಗುತ್ತದೆ. ನನ್ನ ಓಟು ಕಾಡಿಗೆ, ಆದರೆ ಹುಬ್ಬಳ್ಳಿ ಬಸ್ಸಿನಲ್ಲಿ ನಿಂತು ಹೋಗುವಾಗ ಕೇಳಬೇಡಿ.

ಕಾಲೇಜು ಹುಡುಗರು ಹೊಡೆಯುವ ಲೈನಿಗೆ ಕಂಬವೂ ಬೇಡ, ತಂತಿಯೂ ಬೇಡ, ಬಸ್ ಸ್ಟ್ಯಾಂಡ್ ಇದ್ದರೆ ಸಾಕು. ಮುಂದೆ ಮದುವೆ ಮಾತು ಬಂದಾಗ ಹೆಣ್ಣಿನ ಕಡೆಯವರು ಕೇಳುವ ಲೈನೇ ಬೇರೆ. 'ಹುಡುಗ ಯಾವ ಲೈನ್‌ನಲ್ಲಿದ್ದಾನೆ?' ಸಾಫ್ಟ್‌ವೇರ್ ಲೈನ್ ಅಂದರೆ ಎರಡನೇ ಸಲ ಚಹಾ ಬರುತ್ತದೆ. ಬ್ಯಾಂಕ್ ಲೈನೂ ಅಡ್ಡಿಲ್ಲ. ಊರಲ್ಲೇ ಇದ್ದು ತೋಟ ನೋಡಿಕೊಂಡಿದ್ದಾನೆ ಅಂದರೆ ಮಾತ್ರ ಅದನ್ನು ಯಾಕೋ ಯಾರೂ ಲೈನ್ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ತೋಟದಲ್ಲಿ ಅಡಿಕೆ ಮರಗಳು ಅಷ್ಟು ಚೆಂದ ಲೈನಾಗಿ ನಿಂತಿದ್ದರೂ!