ಕಲೋತ್ಸವ ಮುಗಿದ ಮೇಲೂ ನಾಟಕ ಬೇಕು

ಕೆ.ವಿ. ಸುಬ್ಬಣ್ಣನವರನ್ನು ನಾವು ನೀನಾಸಮ್ ರಂಗಸಂಸ್ಥೆ ಕಟ್ಟಿದವರೆಂದೇ ನೆನೆಯುತ್ತೇವೆ. ಕಾಳಿದಾಸನ ಶಾಕುಂತಲವನ್ನು ‘ಲೋಕಶಾಕುಂತಲ’ವಾಗಿ ಕನ್ನಡ ರಂಗಕ್ಕೆ ತಂದ ನಾಟಕಕಾರನ ನೆನಪು ಅದರ ಹಿಂದೆ ಸರಿದುಬಿಡುತ್ತದೆ. ನನ್ನ ಮಟ್ಟಿಗೆ ಎರಡೂ ಒಂದೇ ಕೆಲಸ. ನಾಟಕ ಬರೆದವರಿಗೆ ಅದನ್ನು ಆಡುವವರು ಬೇಕು, ನೋಡಿ ಜಗಳವಾಡಬಲ್ಲ ಊರೂ ಬೇಕು. ಅಂಥ ಊರನ್ನು ತಯಾರು ಮಾಡುವ ಹೊಣೆಯನ್ನು ಅವರು ತಾವೇ ಹೊತ್ತರು. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹವ್ಯಾಸಿ ಸಂಘವಾಗಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು, 1985ರಲ್ಲಿ ಊರೂರು ಸುತ್ತಿ ನಾಟಕವಾಡುವ ‘ತಿರುಗಾಟ’ ತಂಡ ಹೊರಡಿಸಿತು. 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗಲೂ ಅವರಿದ್ದದ್ದು ಅದೇ ಹಳ್ಳಿಯಲ್ಲಿ.

ನಮ್ಮ ಕಾಸರಗೋಡಿನಲ್ಲಿ ಕಲೆಗೆ ಬರಗಾಲವಿಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳು ಚೆಂಡೆಯ ಪೆಟ್ಟು ಕೇಳುತ್ತಲೇ ಬೆಳೆಯುತ್ತಾರೆ. ಆದರೆ ಕನ್ನಡ ಶಾಲೆಯೊಳಗೆ ನಾಟಕವೆಂದರೆ ಹೆಚ್ಚಾಗಿ ಕಲೋತ್ಸವದ, ಅಂದರೆ ಕೇರಳದ ಶಾಲಾ ಕಲಾಸ್ಪರ್ಧೆಯ ನಾಟಕ. ಉಪಜಿಲ್ಲಾ ಸ್ಪರ್ಧೆ ಹತ್ತಿರ ಬಂದಾಗ ಹೊರಗಿನಿಂದ ತರಬೇತುದಾರರು ಬರುತ್ತಾರೆ, ಚುರುಕಾದ ಕೆಲವೇ ಮಕ್ಕಳನ್ನು ಆರಿಸುತ್ತಾರೆ. ಎ ಗ್ರೇಡ್ ಬಂದರೆ ಸನ್ಮಾನ, ಬಾರದಿದ್ದರೆ ಅಪೀಲು. ಅವರ ಶ್ರಮವನ್ನು ನಾನು ಹಗುರವಾಗಿ ಕಾಣುತ್ತಿಲ್ಲ, ಗೆದ್ದ ಮಕ್ಕಳ ಸಂತೋಷವೂ ಸಣ್ಣದಲ್ಲ. ಆದರೆ ನಾಟಕ ಯಾರಿಗೆ ಅತಿ ಹೆಚ್ಚು ಬೇಕೋ ಆ ಮಕ್ಕಳು ಆಯ್ಕೆಯ ಹೊತ್ತಿಗೇ ಹೊರಗುಳಿಯುತ್ತಾರೆ.

ಇಲ್ಲಿನ ಶಾಲೆಯೊಂದರ ತಾಲೀಮಿನಲ್ಲಿ ಕಂಡದ್ದನ್ನು ಹೇಳಬೇಕು. ಮನೆಯಲ್ಲಿ ತುಳು, ಪೇಟೆಯಲ್ಲಿ ಮಲಯಾಳ ಆಡುವ ಹುಡುಗಿ. ತರಗತಿಯಲ್ಲಿ ಕನ್ನಡ ಪಾಠ ಓದು ಎಂದರೆ ತಲೆ ತಗ್ಗಿಸುವವಳು. ಅವಳಿಗೆ ಅಜ್ಜಿಯ ಪಾತ್ರ ಸಿಕ್ಕಿತ್ತು. ಮಾತು ಮರೆತು ನಿಂತಾಗ ಮಾಷ್ಟ್ರು ಎತ್ತಿಕೊಡಲಿಲ್ಲ, “ನಿನ್ನ ಅಜ್ಜಿ ಆಗಿದ್ರೆ ಎಂತ ಹೇಳ್ತಿದ್ರು?” ಎಂದಷ್ಟೇ ಕೇಳಿದರು. ಅವಳು ಸೊಂಟಕ್ಕೆ ಕೈಕೊಟ್ಟು ಬಾಗಿಲ ಕಡೆ ತಿರುಗಿ, “ಮಳೆ ಬರ್ತಾ ಉಂಟು, ಅಂಗಳದ ಅಡಕೆ ತೆಗೀಲಿಕ್ಕೆ ಈ ಮನೆಯಲ್ಲಿ ಯಾರೂ ಇಲ್ವಾ?” ಎಂದು ಗದರಿದಳು. ಪುಸ್ತಕದಲ್ಲಿಲ್ಲದ, ಅವಳದೇ ಆದ ಕನ್ನಡ ಹಿಂದಿನ ಗೋಡೆಯವರೆಗೂ ಕೇಳಿಸಿತು.

ಗಡಿನಾಡಿನ ಕನ್ನಡಕ್ಕಾಗಿ ನಾವು ಮನವಿ ಕೊಡುತ್ತೇವೆ, ಸಭೆ ನಡೆಸುತ್ತೇವೆ, ಅವೆಲ್ಲ ನಡೆಯಲೇಬೇಕು. ಅದರ ಜೊತೆಗೆ, ರಂಗಶಿಕ್ಷಣ ಪಡೆದು ಊರಿಗೆ ಮರಳಿದ ಯುವಕ ಯುವತಿಯರಿಗೆ ಸ್ಪರ್ಧೆಯ ಕಾಲದ ಸಂಭಾವನೆಯ ಬದಲು ವರ್ಷವಿಡೀ ಗೌರವದ ಸಂಬಳ ಕೊಡಲು ಶಾಲೆ, ಗ್ರಂಥಾಲಯ, ಯುವಕ ಸಂಘಗಳು ಸೇರಿ ದಾರಿ ಹುಡುಕಬೇಕು ಎಂಬುದು ನನ್ನ ಒತ್ತಾಯ. ಮುಂದಿನ ಪಿಟಿಎ (ರಕ್ಷಕ-ಶಿಕ್ಷಕ ಸಂಘ) ಸಭೆಯಲ್ಲಿ ನಾನು ಕೇಳಲಿರುವುದೂ ಇದನ್ನೇ: ವಾರಕ್ಕೊಂದು ಸಂಜೆ ಶಾಲೆಯ ಸಭಾಂಗಣ ತೆರೆದಿರಲಿ, ಯಾರನ್ನೂ ಆರಿಸದೆ ಬಂದ ಮಕ್ಕಳಿಗೆಲ್ಲ ಪಾತ್ರ ಕೊಡೋಣ.