ಚಿಲುಮೆಯಿಂದ ದುರ್ಗಕ್ಕೆ, ಮಾತಿಲ್ಲದೆ

ಪುಣೆಗೆ ಬಂದು ಹದಿನಾಲ್ಕು ವರ್ಷ ಆಯಿತು. ನಮ್ಮೂರು ತುಮಕೂರಿನ ಹತ್ತಿರ. ಹಿತ್ತಲಿಗೆ ಬಂದು ನಿಂತರೆ ದೇವರಾಯನದುರ್ಗದ ಬೆಟ್ಟ ಕಾಣುತ್ತದೆ. ನಾವು ಅಲ್ಲಿನ ನರಸಿಂಹನ ಒಕ್ಕಲು. ಕಳೆದ ಮಾರ್ಗಶಿರದಲ್ಲಿ ಅಪ್ಪನ ವರ್ಷದ ತಿಥಿಗೆ ಹೋಗಿದ್ದೆ. ನೆಂಟರೆಲ್ಲ ಹೊರಟ ಮೇಲೆ ಮನೆ ಭಣಗುಟ್ಟತೊಡಗಿತು. ಮಾರನೇ ದಿನ ಬೆಳಗ್ಗೆ ತಮ್ಮನ ಬೈಕ್ ತಗೊಂಡು ಬೆಟ್ಟದ ಕೆಳಗಿನ ನೀರಿನ ಬುಗ್ಗೆ, ನಾಮದ ಚಿಲುಮೆಗೆ ಹೋದೆ. ಬೈಕ್ ಅಲ್ಲೇ ನಿಲ್ಲಿಸಿ ದುರ್ಗದ ಕಡೆಗೆ ನಡೆದೆ.

ದಾರಿಯಲ್ಲಿ ನಡೆಯುವವನು ನಾನೊಬ್ಬನೇ. ಕಾರುಗಳು ಮಾತ್ರ ಒಂದರ ಹಿಂದೆ ಒಂದು ಹೋಗುತ್ತಿದ್ದವು. ಒಬ್ಬರು ನಿಲ್ಲಿಸಿ, ಗಾಡಿ ಕೆಟ್ಟಿದೆಯಾ, ಹತ್ತಿಸಿಕೊಂಡು ಹೋಗ್ಲಾ ಅಂತ ಕೇಳಿದರು. ಒಳ್ಳೆಯ ಮನಸ್ಸು. ಆದರೆ ಗಾಡಿ ಕೆಟ್ಟರೆ ಮಾತ್ರ ಮನುಷ್ಯ ಇಲ್ಲಿ ನಡೆಯುತ್ತಾನೆ ಅನ್ನೋ ಹಾಗಾಗಿದೆಯಲ್ಲ ಅಂತ ಬೇಜಾರಾಯಿತು.

ಪುಣೆಯಲ್ಲಿ ಹಾಗಿಲ್ಲ. ಊರಿನ ನಡುವೆ ವೇತಾಳ ಟೇಕಡಿ ಅಂತ ಒಂದು ಗುಡ್ಡ ಇದೆ. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರ, ತುದಿಯಲ್ಲಿ ವೇತಾಳನ ಗುಡಿ. ಬೆಳಗಾದರೆ ಸಾಕು, ಜನ ಕಾಲ್ನಡಿಗೆಯಲ್ಲಿ ಹತ್ತುತ್ತಾರೆ. ಮಳೆಗಾಲ, ಚಳಿಗಾಲ ಅಂತಿಲ್ಲ. ಎಪ್ಪತ್ತು ದಾಟಿದವರು ಕೋಲೂರಿಕೊಂಡು ಬರುತ್ತಾರೆ, ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ನಡೆಯುವವರೂ ಇದ್ದಾರೆ. ಇನ್ನು ಆಷಾಢ ಹತ್ತಿರ ಬಂತೆಂದರೆ ಕೇಳುವುದೇ ಬೇಡ. ಆಳಂದಿಯಿಂದ ಜ್ಞಾನೇಶ್ವರರ, ದೇಹುವಿನಿಂದ ತುಕಾರಾಮರ ಪಲ್ಲಕ್ಕಿ ಹೊರಟು ಪಂಢರಪುರದವರೆಗೆ ಸುಮಾರು 250 ಕಿಲೋಮೀಟರ್ ನಡೆದೇ ಹೋಗುತ್ತದೆ. ಒಂದು ವರ್ಷ ನಾನೂ ಪುಣೆಯಿಂದ ದಿವೆ ಘಾಟ್ ಹತ್ತುವವರೆಗೆ ಜೊತೆಯಲ್ಲಿ ನಡೆದೆ. ತಾಳ, ಮೃದಂಗ, ತಲೆ ಮೇಲೆ ತುಳಸಿ ಕಟ್ಟೆ ಹೊತ್ತ ಹೆಂಗಸರು. ನಡೆಯುವುದೇ ಪೂಜೆ ಅನ್ನುವುದನ್ನು ನನಗೆ ಕಲಿಸಿದ್ದು ಆ ಊರು. ಇದರಲ್ಲಿ ಅವರು ನಮಗಿಂತ ಮುಂದಿದ್ದಾರೆ, ಒಪ್ಪಿಕೊಳ್ಳಲೇಬೇಕು.

ಆದರೆ ಅಲ್ಲಿ ಸಿಗದ ಒಂದು ನಮ್ಮ ಬೆಟ್ಟದಲ್ಲಿದೆ. ಟೇಕಡಿಯಲ್ಲಿ ಎಲ್ಲಿ ನಿಂತರೂ ಕೆಳಗಿನಿಂದ ಊರಿನ ಸದ್ದು ಬರುತ್ತಲೇ ಇರುತ್ತದೆ. ವಾರಿ ಅನ್ನುವ ಆ ಪಂಢರಪುರದ ನಡಿಗೆಯಲ್ಲಂತೂ ಹಾಡೇ ಉಸಿರು. ಇಲ್ಲಿ ಕಾರುಗಳ ನಡುವೆ ಬಿಡುವು ಸಿಕ್ಕಾಗ ಕಾಡು ಒಮ್ಮೆಲೇ ಸುಮ್ಮನಾಗುತ್ತದೆ. ನಮ್ಮಜ್ಜಿ ಚಿಕ್ಕಂದಿನಲ್ಲಿ ನಮ್ಮನ್ನು ನಡೆಸಿಕೊಂಡೇ ದುರ್ಗಕ್ಕೆ ಕರೆದೊಯ್ಯುತ್ತಿದ್ದಳು. ಹತ್ತುವಾಗ ನಾವು ಬಾಯಿ ತೆಗೆದರೆ, "ಮಾತಾಡಿದ್ರೆ ಉಸಿರು ಕಟ್ಟುತ್ತೆ, ಸುಮ್ನೆ ನಡೀರಿ" ಅನ್ನುತ್ತಿದ್ದಳು. ಅವಳು ಹೇಳಿದ್ದು ಏದುಸಿರಿನ ವಿಷಯ, ಅಷ್ಟೇ. ಆ ದಿನ ಅದೇ ಮಾತು ಹಿಡಿದುಕೊಂಡು ನಡೆದೆ. ಫೋನ್ ತೆಗೆಯಲಿಲ್ಲ, ಮನಸ್ಸಿನಲ್ಲಿ ಸ್ತೋತ್ರವನ್ನೂ ಹೇಳಿಕೊಳ್ಳಲಿಲ್ಲ.

ಹೊರಡುವ ಮುಂಚೆ ಚಿಲುಮೆಯ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದೆ. ಬಂಡೆಯಲ್ಲಿ ಒಂದು ಸಣ್ಣ ಗುಳಿ, ಅದರೊಳಗೆ ನೀರು. ರಾಮ ಹಣೆಗೆ ನಾಮ ಇಡಬೇಕು, ತೇಯಲು ನೀರಿಲ್ಲ, ಬಾಣ ಬಿಟ್ಟ, ಕಲ್ಲಿನಿಂದ ನೀರು ಬಂತು ಅಂತ ಕತೆ. ಈ ಕತೆಯನ್ನು ನೂರು ಸಲ ಕೇಳಿದ್ದೇನೆ. ಆ ಬೆಳಗ್ಗೆ ಬೆರಳು ಅದ್ದಿದೆ. ನೀರು ಕೊರೆಯುತ್ತಿತ್ತು. ಹಬ್ಬದ ದಿನ ಅಪ್ಪ ಉಂಗುರದ ಬೆರಳನ್ನು ನೀರಿಗೆ ಅದ್ದಿ, ನನ್ನ ಗಲ್ಲ ಹಿಡಿದು, ಹಣೆಗೆ ನಾಮ ಎಳೆಯುತ್ತಿದ್ದ. ಆ ಬೆರಳಿನ ತಣ್ಣಗಿನ ಗೆರೆ ಹಣೆಯ ಮೇಲೆ ಹಾಗೇ ಬಂತು. ತಿಥಿಯ ದಿನ ಮಂತ್ರ, ಪಿಂಡ, ಹೋಮದ ಹೊಗೆ ಎಲ್ಲ ಇದ್ದರೂ ಬರದ ಅಳು ಅಲ್ಲಿ ಬಂತು. ಯಾರೂ ಇರಲಿಲ್ಲ. ಅತ್ತು ಮುಗಿಸಿಯೇ ಎದ್ದೆ.

ಭೋಗ ನರಸಿಂಹನ ಗುಡಿ ದಾಟಿ, ಯೋಗ ನರಸಿಂಹನ ಮೆಟ್ಟಿಲು ಹತ್ತುವಾಗ ಒಂದು ಬಂಡೆಯ ಮೇಲೆ ಕೂತೆ. ಕೈಗೆ ಕಾಚಿ ಹುಲ್ಲಿನ ವಾಸನೆ ಹತ್ತಿತ್ತು. ಹತ್ತಿರದ ಪೊದೆಗೆ ಹಳದಿ ಕತ್ತಿನ ಪಿಕಳಾರವೊಂದು ಬಂದು ಕೂತಿತು. ದಕ್ಷಿಣದ ಇಂಥ ಕಲ್ಲುಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಈ ಬೆಟ್ಟದಲ್ಲಿ ಬಿದ್ದ ಮಳೆ ಒಂದು ಕಡೆ ಜಯಮಂಗಲಿಯಾಗಿ ಉತ್ತರ ಪಿನಾಕಿನಿ ಸೇರುತ್ತದೆ, ಇನ್ನೊಂದು ಕಡೆ ಶಿಂಷೆಯಾಗಿ ಇಳಿದು ಕಾವೇರಿ ಸೇರುತ್ತದೆ. ಶಾಲೆಯಲ್ಲಿ ಒಂದು ಅಂಕದ ಪ್ರಶ್ನೆಯಾಗಿ ಬರೆದಿದ್ದೆ. ಅಪ್ಪನ ಅಸ್ಥಿ ಕಾವೇರಿಯಲ್ಲೇ ಬಿಟ್ಟಿದ್ದು. ನಾನು ಕೂತ ಕಲ್ಲಿನ ಮೇಲೆ ಬಿದ್ದ ಹನಿಯೂ ಅಲ್ಲಿಗೆ ಹೋಗಬಹುದು ಅನ್ನಿಸಿದಾಗ, ಅವನು ದೂರ ಹೋಗಿಲ್ಲ ಅಂತ ಮೊದಲ ಸಲ ನಂಬಿಕೆ ಬಂತು. ಇದನ್ನು ಭಕ್ತಿ ಅನ್ನಬೇಕೋ ಏನೋ. ಎದೆ ಹಗುರಾಗಿದ್ದು ಮಾತ್ರ ನಿಜ.

ಕಾರಲ್ಲಿ ಮೇಲೆ ಬಂದವರು ಬೇಗ ದರ್ಶನ ಮುಗಿಸಿ, ಫೋಟೋ ತಗೊಂಡು ಇಳಿದರು. ಅವರ ಮೇಲೆ ನನಗೆ ಕೋಪವಿಲ್ಲ. ಮಂಡಿ ನೋವಿನವರು, ಎಳೆಮಕ್ಕಳ ತಾಯಂದಿರು ಇನ್ನೇನು ಮಾಡಬೇಕು? ಆದರೆ ನಡೆಯಬಲ್ಲವರು ಜಾಸ್ತಿ ಇದ್ದೇವೆ, ಅಲ್ವಾ? ಗುಡ್ಡ ಮನೆಯ ಎದುರಿಗೇ ಇದ್ದೂ ಅದನ್ನು ಗಾಜಿನ ಹಿಂದಿನಿಂದ ನೋಡುತ್ತಿದ್ದೇವೆ.

ದಸರಾ ರಜಕ್ಕೆ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ಅವಳಿಗೆ ಟೇಕಡಿ ಗೊತ್ತು, ದುರ್ಗ ಗೊತ್ತಿಲ್ಲ. ಕಾರು ಚಿಲುಮೆಯ ಹತ್ತಿರವೇ ಇರಲಿ ಅಂತ ತಮ್ಮನಿಗೆ ಈಗಲೇ ಹೇಳಿದ್ದೇನೆ. ಅವನೂ ಬರುತ್ತಾನಂತೆ, ತನ್ನ ಮಕ್ಕಳ ಜೊತೆ.